ಹಗುರಾದ ಕಸದ ಚೀಲ

ಎರಡನೇ ಕ್ಲಾಸಿನ ಮಿಸ್ ಕೆಟ್ಟವಳೇನಲ್ಲ. ಕಸ ಕಡಿಮೆ ಮಾಡಿ ಅಂತ ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದರೆ ಏನು ಬಂತು, ಮನೆಯಲ್ಲೇ ಮಾಡಿ ನೋಡಲಿ ಅಂತ ಒಬ್ಬೊಬ್ಬರಿಗೂ ಒಂದು ಕೊಕ್ಕೆಯ ತಕ್ಕಡಿ ಕೊಟ್ಟು ಕಳಿಸಿದಳು. ದಿನಾ ಸಂಜೆ ಕಸದ ಚೀಲ ತೂಗಬೇಕು. ತೂಕ ಇಳಿದರೆ ಕ್ಲಾಸಿನ ಗೋಡೆಯ ಮೇಲೆ ಬರೆದ ಮರದಲ್ಲಿ ಆ ಮಗುವಿನ ಕೊಂಬೆಗೆ ಒಂದು ಹಸಿರು ಎಲೆ. ಯಾರ ಮನೆಯಲ್ಲಿ ಯಾವ ಕಸ ಯಾಕೆ ಬೀಳುತ್ತದೆ ಅಂತ ಮೊದಲು ಒಂದು ಮಾತು ಕೇಳಬಾರದಿತ್ತೇ, ಪುಣ್ಯಾತ್ಗಿತ್ತಿ?

ಉಳಿದ ಮಕ್ಕಳ ಕೊಂಬೆಗಳೆಲ್ಲ ಚಿಗುರಿದವು. ಒಬ್ಬ ತರಕಾರಿ ಸಿಪ್ಪೆಯನ್ನು ಮಣ್ಣಿಗೆ ಹಾಕಿಸಿದ, ಇನ್ನೊಬ್ಬಳು ಪ್ಯಾಕೆಟ್ ತಿಂಡಿ ಬಿಟ್ಟಳು. ಚಿನಕುರಳಿಯ ಕೊಂಬೆ ಮಾತ್ರ ಬೋಳು. ಅರಳು ಹುರಿದಂತೆ ಮಾತಾಡುವ ಹುಡುಗಿ, ಮನೆಯವರೇ ಇಟ್ಟ ಹೆಸರು. ಯಾಕಮ್ಮಾ ಅಂತ ಮಿಸ್ ಕೇಳಿದ್ದಕ್ಕೆ ಎದ್ದು ನಿಂತು, "ನಮ್ಮಜ್ಜಿ ಡಯಾಪರೇ ಭಾರ ಮಿಸ್" ಅಂದುಬಿಟ್ಟಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಅದನ್ನು ಬಿಟ್ಟು ತೂಗು ಅಂತ ಹೇಳಲು ಆ ಗಲಾಟೆಯಲ್ಲಿ ಮಿಸ್‌ಗೆ ಹೊಳೆಯಲೇ ಇಲ್ಲ. ಮಗು ಮನೆಗೆ ಬಂದು, ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜಿಯ ಹೊದಿಕೆಯೊಳಗೆ ಮುಖ ಹುದುಗಿಸಿ ಅತ್ತಿತು.

ಮರುದಿನದಿಂದ ಚೀಲ ಹಗುರಾಗತೊಡಗಿತು.

ಅದು ಮೊದಲು ಗೊತ್ತಾದದ್ದು ಸೊಸೆಗೆ, ಅಂದರೆ ಚಿನಕುರಳಿಯ ಅಮ್ಮನಿಗೆ. ಗೊತ್ತಾಗದೆ ಏನು? ಚೀಲ ಕಟ್ಟುವವಳು ಅವಳೇ, ಹೊರಗಿಡುವವಳು ಅವಳೇ. ಹಗಲೆಲ್ಲ ಹೋಟೆಲಿನ ಲಾಂಡ್ರಿಯಲ್ಲಿ ಕಂಡವರು ಮಲಗೆದ್ದ ಹಾಸುಗಳಿಗೆ ಇಸ್ತ್ರಿ ತಿಕ್ಕಿ, ಮನೆಗೆ ಬಂದರೆ ಅತ್ತೆಯ ಹಾಸಿಗೆ. ಗಂಡ ಲಾರಿ ಹತ್ತಿ ಹೋದರೆ ಮುಖ ಕಾಣುವುದು ಯಾವಾಗಲೋ. ನಡುರಾತ್ರಿ ಎದ್ದು ಡಯಾಪರ್ ಬದಲಿಸಿ ಬದಲಿಸಿ ಅವಳ ಜೀವ ಹಿಂಡಿದ ಬಟ್ಟೆಯಾಗಿತ್ತು. ಈಗ ರಾತ್ರಿ ಏಳುವುದೇ ತಪ್ಪಿತು.

ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಅತ್ತೆಯ ಕೈಗೆಟುಕುವಂತೆ ತುಂಬಿಟ್ಟು ಹೋದ ನೀರಿನ ಲೋಟ, ಸಂಜೆ ಬಂದಾಗಲೂ ತುಂಬಿಕೊಂಡೇ ಇರುತ್ತಿತ್ತು.

"ನೀರು ಕುಡಿದ್ರಾ ಅತ್ತೆ?"

"ಕುಡಿದೆ ಕಣೇ. ಹೊಟ್ಟೆ ತಮಟೆ ಆಗಿದೆ, ಬೇಕಾದ್ರೆ ಬಡಿದು ನೋಡು."

ಸೊಸೆ ನಕ್ಕಳು. ನಕ್ಕು, ಆ ಲೋಟದ ನೀರನ್ನು ಬಚ್ಚಲಿಗೆ ಚೆಲ್ಲಿ ತೊಳೆದಿಟ್ಟಳು. ಕಣ್ಣಿದ್ದೂ ಕುರುಡಿಯಾಗುವುದು ಎಷ್ಟು ಸಲೀಸು ನೋಡಿ. ಸುಸ್ತಾದವರಿಗಂತೂ ಅದನ್ನು ಯಾರೂ ಕಲಿಸಬೇಕಾಗಿಲ್ಲ.

"ಅಮ್ಮಾ, ನಂಗೆ ಮೂರು ಎಲೆ ಬಂತು. ಅಜ್ಜಿಯೇ ಕೊಡಿಸಿದ್ದು" ಅಂತ ಮಗಳು ಕುಣಿದಾಗಲೂ ಅವಳು, ಹೇಗೆ ಕೊಡಿಸಿದರು ಅಂತ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಮತ್ತೆ ರಾತ್ರಿ ಏಳಬೇಕಾಗುತ್ತದೆ. ಮನಸ್ಸಿನ ಮೂಲೆಯಲ್ಲಿ ಇಷ್ಟು ಲೆಕ್ಕ ನಡೆದಿತ್ತು, ಸುಳ್ಳು ಯಾಕೆ ಹೇಳಬೇಕು.

ಆಮೇಲೆ ಅತ್ತೆಗೆ ಜ್ವರ ಬಂತು, ತುಟಿ ಒಡೆಯಿತು. ಒಂದು ಬೆಳಗ್ಗೆ ಸೊಸೆಯನ್ನೇ ನೋಡುತ್ತಾ, "ಯಾರಮ್ಮಾ ನೀನು, ಏನು ಬೇಕಿತ್ತು?" ಅಂದರು. ಪಕ್ಕದ ಮನೆಯವರನ್ನು ಕೂಗಿ ಆಸ್ಪತ್ರೆಗೆ ಸಾಗಿಸಿದ್ದಾಯಿತು.

"ಮೈಯಲ್ಲಿ ನೀರೇ ಇಲ್ಲ. ಕಿಡ್ನಿ ಕೈಕೊಡ್ತಾ ಇದೆ" ಅಂದರು ಡಾಕ್ಟರು. "ಮೂತ್ರ ಕಡಿಮೆ ಆಗಿದ್ದು ನಿಮ್ಮ ಗಮನಕ್ಕೆ ಬರಲಿಲ್ವಾ?"

"ಇಲ್ಲ ಸಾರ್" ಅಂದಳು ಸೊಸೆ. ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಡಾಕ್ಟರು ಡ್ರಿಪ್ ಹಾಕಿಸಿ, ಬಾಯಿಗೂ ಚೂರು ಚೂರು ಕೊಡುತ್ತಿರಿ, ಕುಡಿದರೆ ಉಳಿಯಬಹುದು ಅಂದು ಹೋದರು. ಸಂಜೆಯ ಹೊತ್ತಿಗೆ ಅತ್ತೆಗೆ ತುಸು ಪ್ರಜ್ಞೆ ತಿಳಿಯಾಯಿತು. ಸೊಸೆ ಚಮಚದಲ್ಲಿ ನೀರು ಹಿಡಿದಳು. ಅತ್ತೆ ತುಟಿ ಬಿಗಿ ಹಿಡಿದು ಮುಖ ತಿರುಗಿಸಿದರು.

"ಕುಡೀರಿ ಅತ್ತೆ. ಪಕ್ಕದ ಮನೆಯವರ ಕೈಲಿ ಎಲ್ಲ ಹೇಳಿಸಿ ತಕ್ಕಡಿ ವಾಪಸ್ ಕೊಡಿಸಿದೆ. ಮಿಸ್ ಅಳ್ತಾ ಇದ್ರಂತೆ, ಇನ್ನು ತೂಕ ಗೀಕ ಏನೂ ಇಲ್ವಂತೆ."

"ಮಗೂನ ನೋಡಿ ನಗಲ್ವಾ?"

"ಯಾರೂ ನಗಲ್ಲ. ಕುಡೀರಿ."

ಅತ್ತೆ ಬಾಯಿ ತೆರೆಯಲಿಲ್ಲ. ಚಮಚ ಹಿಡಿದ ಕೈ ಸೋಲತೊಡಗಿದಾಗ ಸೊಸೆಗೆ ತಡೆಯಲಾಗಲಿಲ್ಲ. "ಅತ್ತೆ, ನೀವು ನೀರು ಬಿಟ್ಟಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

"ನಂಗೂ ಗೊತ್ತಿತ್ತು ಬಿಡೇ" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಎಷ್ಟೋ ಕಾಲದ ಮೇಲೆ ಗೊರಕೆ ಹೊಡೆದು ಮಲಗಿದ್ದೆ ನೀನು. ಕೇಳಿಸ್ಕೊಂಡು ಖುಷಿಯಾಯ್ತು ಕಣೇ. ಎಲೆ ಮಗೂಗೆ, ನಿದ್ದೆ ನಿಂಗೆ. ಇನ್ನೇನು ಇತ್ತು ನನ್ನ ಹತ್ರ ಕೊಡೋಕೆ?"

ಸೊಸೆಯ ಚಮಚದಿಂದ ನೀರು ಅತ್ತೆಯ ಕುತ್ತಿಗೆಗೆ ಚೆಲ್ಲಿತು. ಸೆರಗಿನಿಂದ ಒರೆಸಿ, ಮತ್ತೆ ಚಮಚ ತುಂಬಿ, ಮುಚ್ಚಿದ ತುಟಿಗಳ ಮುಂದೆ ಹಿಡಿದು ಕೂತಳು.