ಉತ್ತರಕ್ಕೆ ತಲೆ ಹಾಕಿದ ಹಡಗು

ಊರವರನ್ನೆಲ್ಲ ಮಲಗಿಸುವುದು ಹರಿಪ್ರಿಯಾಳ ಉದ್ಯೋಗ. ಫ್ರೀಮಾಂಟಿನ ಆಸ್ಪತ್ರೆಯೊಂದರಲ್ಲಿ ಅವಳು ಅರಿವಳಿಕೆ ಡಾಕ್ಟರು. ಹತ್ತರಿಂದ ಹಿಂದಕ್ಕೆ ಎಣಿಸಿ ಎಂದು ಅವಳು ಹೇಳಿದರೆ, ಏಳಕ್ಕೆ ಬರುವಷ್ಟರಲ್ಲಿ ಎಂಥ ಘಟಾನುಘಟಿಯೂ ಗೊರಕೆ ಹೊಡೆಯುತ್ತಿದ್ದ. ಮಲಗಿಸುವವಳಿಗೆ ಮಾತ್ರ ನಿದ್ದೆಯಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕಿಟಕಿಯಿಲ್ಲದ ಆಪರೇಷನ್ ಥಿಯೇಟರಿನಲ್ಲಿ ಹಗಲು ಕಳೆದು, ಮನೆಗೆ ಬಂದು ಮಂಚದ ಮೇಲೆ ಪಿಳಿಪಿಳಿ ಕಣ್ಣು ಬಿಡುವುದೇ ಅವಳ ಪಾಡಾಗಿತ್ತು.

ಮನೆಯಲ್ಲಾದರೂ ಕಿಟಕಿಯಿತ್ತೇ? ಇತ್ತು, ಬೀರುವಿನ ಹಿಂದೆ. ಅದು ಅವಳ ಗಂಡ ಮಧ್ವೇಶನ ಕೃಪೆ. ಚಿಪ್ ಕಂಪನಿಯ ದೊಡ್ಡ ಇಂಜಿನಿಯರಾದ ಈ ಮಹಾಶಯ ಬೇರೆ ಯಾವ ವಿಷಯಕ್ಕೂ ಪುರಾವೆ ಕೇಳದೆ ಬಿಡುವವನಲ್ಲ. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ಅಜ್ಜಿ ಹೇಳಿದ್ದಕ್ಕೆ ಮಾತ್ರ ಪುರಾವೆ ಬೇಕಿರಲಿಲ್ಲ. ಮನೆ ಕೊಳ್ಳುವಾಗ ಫೋನಿನ ದಿಕ್ಸೂಚಿ ಹಿಡಿದು ಏಳು ಮನೆಗಳ ಬೆಡ್‌ರೂಮಿಗೆ ನುಗ್ಗಿದ್ದ. ಗ್ಯಾಸ್ ಸೋರುತ್ತಿದೆಯೇನೋ ಎಂದು ಏಜೆಂಟು ಗಾಬರಿಯಾಗಿದ್ದ. ಕೊನೆಗೆ ಕೊಂಡ ಎಂಟನೆಯದರಲ್ಲೂ ಮಂಚ ಕೋಣೆಯ ನಡುವೆ ಓರೆಯಾಗಿ ನಿಂತಿತು, ಬೀರು ಕಿಟಕಿಗೆ ಅಡ್ಡ ಬಂತು. ಬಾತ್‌ರೂಮಿಗೆ ಹೋಗಬೇಕಾದರೆ ಮಂಚಕ್ಕೆ ಅರ್ಧ ಪ್ರದಕ್ಷಿಣೆ ಹಾಕಬೇಕು.

ಹಾಗಾಗಿ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕೆಂದು ಮಧ್ವೇಶ ಕೇಳಿದಾಗ ಅವಳು ಒಡವೆ ಕೇಳಲಿಲ್ಲ, ಕಿಟಕಿ ಕೇಳಿದಳು. ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ದಡದ ಸಾಸಲಿಟೋದಿಂದ ಪುಟ್ಟ ಹಾಯಿಹಡಗೊಂದು ಹೊರಡುತ್ತಿತ್ತು. ಮೂರು ದಿನ ಕರಾವಳಿಗುಂಟ ದಕ್ಷಿಣಕ್ಕೆ, ಮತ್ತೆ ಮೂರು ದಿನ ವಾಪಸ್ಸು. ಇರುವುದೇ ಹನ್ನೊಂದು ಕೋಣೆ, ಅದರಲ್ಲಿ ಎರಡು ಮಾತ್ರ ಖಾಲಿ: ನಾಲ್ಕು ಮತ್ತು ಒಂಬತ್ತು. ನಾಲ್ಕನೆಯದರ ಫೋಟೋದಲ್ಲಿ ಮಂಚಕ್ಕೆ ತಾಗಿದಂತೆ ಊಟದ ತಟ್ಟೆಯಷ್ಟಗಲದ ದುಂಡು ಕಿಟಕಿ, ಅದರಾಚೆ ಬರೀ ನೀರು. ಹರಿಪ್ರಿಯಾ ಆ ಫೋಟೋವನ್ನು ಎರಡು ವಾರ ಫೋನಿನಲ್ಲಿಟ್ಟುಕೊಂಡು ನೋಡಿದಳು.

"ಬುಕ್ ಮಾಡೋಕ್ ಮುಂಚೆ ಒಂದ್ಸಲ ಹೋಗಿ ನೋಡ್ಬಿಡೋಣ" ಎಂದ ಮಧ್ವೇಶ. ಅವನು ಏನು ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಫ್ರೀವೇ ಹಿಡಿದು ಸಾಸಲಿಟೋ ತಲುಪಿದರು. ಹಡಗು ದಡದಿಂದ ದೂರದಲ್ಲಿ ಲಂಗರು ಹಾಕಿತ್ತು. ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಹೋದ, ಕೂದಲಿಗೆ ನೀಲಿ ಬಣ್ಣ ಬಳಿದುಕೊಂಡ ಹುಡುಗಿಯೇ ಕೋಣೆಗಳನ್ನೂ ತೋರಿಸಿದಳು. ನಾಲ್ಕರ ಬಾಗಿಲು ತೆರೆದದ್ದೇ ಹರಿಪ್ರಿಯಾ ಕಿಟಕಿಗೆ ಹಣೆ ಹಚ್ಚಿದಳು. ಮಧ್ವೇಶ ದಿಂಬಿನ ಮೇಲೆ ಫೋನಿಟ್ಟ.

"ಶುದ್ಧ ಉತ್ತರ" ಎಂದ, ಎಕ್ಸ್‌ರೇ ನೋಡಿದ ಡಾಕ್ಟರಂತೆ ತಲೆಯಾಡಿಸುತ್ತ.

ಒಂಬತ್ತನೆಯದು ಇಂಜಿನ್ನಿಗೂ ಅಡುಗೆಮನೆಗೂ ನಡುವೆ ಸಿಕ್ಕಿಕೊಂಡಿತ್ತು. ಒಂದರ ಮೇಲೊಂದು ಎರಡು ಮಂಚ, ಡೀಸೆಲ್ಲಿನ ವಾಸನೆ, ಈರುಳ್ಳಿಯ ವಾಸನೆ. ಕಿಟಕಿ ಇರಬೇಕಾದ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರು. ತಲೆ ಮಾತ್ರ ದಕ್ಷಿಣಕ್ಕೆ. ಮಧ್ವೇಶನ ಮುಖ ಅರಳಿತು.

"ಇದೇ ಬೆಸ್ಟು ಪ್ರಿಯಾ. ನೀನು ಕೆಳಗೆ, ನಾನು ಮೇಲೆ."

"ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ನನ್ನನ್ನ ಈರುಳ್ಳಿ ಬುಟ್ಟಿ ಪಕ್ಕ ಮಲಗಿಸ್ತೀರಾ?"

"ಆರೇ ದಿನ ತಾನೆ? ಗಣಪನ ಕಥೆ ಮರ್ತೋಯ್ತಾ? ಉತ್ತರಕ್ಕೆ ತಲೆ ಹಾಕಿದ್ದಕ್ಕೇ ಆ ಆನೆ ತಲೆ ಹೋಗಿದ್ದು."

"ಅದು ಪುಣ್ಯ ಮಾಡಿತ್ತು ಬಿಡಿ, ಕೊನೇಗಾದ್ರೂ ಒಂದು ನಿದ್ದೆ ಆಯ್ತು ಅದಕ್ಕೆ." ಹರಿಪ್ರಿಯಾ ಬಾಗಿಲ ಕಡೆ ತಿರುಗಿದಳು. "ನಿಮ್ಮ ದಿಕ್ಕಿಗೆ ಮನೆ ಕೊಟ್ಟೆ, ಕಿಟಕಿ ಕೊಟ್ಟೆ. ಇದೊಂದು ನಂಗೆ ಬೇಕಿತ್ತು ರೀ. ಹೋಗಿ, ಏನಾದ್ರೂ ಮಾಡ್ಕೊಳ್ಳಿ."

ಹೀಗೆಂದು ನಾಲ್ಕನೇ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಐದು ನಿಮಿಷ ಆ ಕಿಟಕಿಯ ಹತ್ತಿರ ಒಬ್ಬಳೇ ಇರಬೇಕೆನಿಸಿತ್ತು. ಚಪ್ಪಲಿ ಕಳಚಿ ಒರಗಿದಳು. ನೀರಿನ ಬೆಳಕು ಸೂರಿನ ಮೇಲೆ ಓಲಾಡುತ್ತಿತ್ತು. ಹತ್ತು, ಒಂಬತ್ತು ಎಂದು ತಮಾಷೆಗೆ ಎಣಿಸಿದಳು. ಎಂಟು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ಮಧ್ವೇಶ ಬಾಗಿಲಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಮುಖ ಬೆವರಿತ್ತು. ಕೈಯಲ್ಲಿ ಫೋನೂ ಒಂದು ಕಾಗದವೂ ಇದ್ದವು.

"ಎಷ್ಟೊತ್ತು ಮಲಗಿದ್ದೆ?"

"ಒಂದೂ ಮುಕ್ಕಾಲು ಗಂಟೆ. ದೋಣಿಯವಳು ಮೂರು ಸಲ ಕರೆದ್ಳು. ಐದೇ ನಿಮಿಷ ಅಂತ ಮೂರು ಸಲ ವಾಪಸ್ ಕಳಿಸ್ದೆ."

ಹರಿಪ್ರಿಯಾ ಕಿಟಕಿಯತ್ತ ತಿರುಗಿದಳು. ಮಲಗುವಾಗ ಅಲ್ಲಿ ಬರೀ ನೀರಿತ್ತು. ಈಗ ಸಾಸಲಿಟೋದ ಗುಡ್ಡ, ಗುಡ್ಡದ ತುಂಬ ಮನೆಗಳು.

"ಇದೇನ್ರೀ ಇದು?"

ಮಧ್ವೇಶ ಸೋತ ದನಿಯಲ್ಲಿ ವರದಿ ಒಪ್ಪಿಸಿದ. ಅವನು ಡೆಕ್ಕಿನ ಮೇಲೆ ಒಂಬತ್ತನೇ ಕೋಣೆಗೆ ಫಾರಂ ತುಂಬುತ್ತ ಕೂತಿದ್ದ. ಹುಡುಗಿ ಚಹಾ ಕೊಟ್ಟು ಲೈಫ್ ಜಾಕೆಟ್ಟಿನ ಪುರಾಣ ಬಿಚ್ಚಿದಳು. ಪುರಾಣ ಮುಗಿಯುವಷ್ಟರಲ್ಲಿ, ಮುಂದಿದ್ದ ಬೆಟ್ಟ ಹಿಂದೆ ಹೋಗಿತ್ತು, ಹಿಂದಿದ್ದ ಸ್ಯಾನ್ ಫ್ರಾನ್ಸಿಸ್ಕೋ ಮುಂದೆ ಬಂದಿತ್ತು. ಇಳಿತ ಮುಗಿದು ಉಬ್ಬರ ಶುರುವಾಯಿತಲ್ಲ, ಲಂಗರು ಹಾಕಿದ ಹಡಗು ನೀರಿನ ಸೆಳೆತಕ್ಕೆ ಮುಖ ಕೊಟ್ಟು ತಿರುಗುತ್ತದೆ, ದಿನಕ್ಕೆ ನಾಲ್ಕು ಸಲ ಎಂದಳು ಹುಡುಗಿ. ಇವನು ದಡಬಡ ಕೆಳಗಿಳಿದು ಒಂಬತ್ತಕ್ಕೆ ಓಡಿದ. ಉತ್ತರ! ಅಲ್ಲಿಂದ ನಾಲ್ಕಕ್ಕೆ ಓಡಿದ.

"ಬಾಗಿಲು ತೆಗೆದ್ರೆ ನೀನು ಬಾಯಿ ತೆರ್ಕೊಂಡು ಗೊರಕೆ ಹೊಡೀತಿದ್ದೆ" ಎಂದ ಮಧ್ವೇಶ. "ನೀನು ಹಾಗೆ ಮಲಗಿದ್ದು ನೋಡಿ ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕ್ದೆ. ಸಿಗ್ಲಿಲ್ಲ."

"ತಲೆ ಎತ್ತ ಇತ್ತು?"

"ಮಲಗ್ದಾಗ ಉತ್ತರಕ್ಕೆ. ಈಗ ದಕ್ಷಿಣಕ್ಕೆ. ಹಡಗಿನ ಮೂತಿ ಯಾವ ಕಡೆಗೋ ಈ ಮಂಚದ ತಲೆನೂ ಆ ಕಡೆಗೇ. ನೀನು ಅಲ್ಲಾಡ್ಲಿಲ್ಲ."

"ನನ್ನ ತಲೆ ಇದೆ ತಾನೆ?"

ಮಧ್ವೇಶ ಕಾಗದವನ್ನು ಅವಳ ಕೈಗಿಟ್ಟ. ಫಾರಂನಲ್ಲಿ ಒಂಬತ್ತನ್ನು ಹೊಡೆದು ಹಾಕಿ ನಾಲ್ಕು ಎಂದು ಬರೆದಿತ್ತು. ಇಷ್ಟಕ್ಕೆಲ್ಲ ಅಳಬಾರದೆಂದು ಹರಿಪ್ರಿಯಾ ಕೆಳಗಿನ ಸಾಲುಗಳನ್ನು ಓದತೊಡಗಿದಳು. ವಿಶೇಷ ಕೋರಿಕೆ ಎಂಬಲ್ಲಿ ಇವನ ಕೋಳಿಕಾಲಿನ ಅಕ್ಷರಗಳಿದ್ದವು: ಹಡಗು ಉತ್ತರಕ್ಕೆ ವಾಪಸಾಗುವ ಮೂರು ದಿನ ಮಂಚದ ಕಾಲ ಕಡೆಗೆ ಒಂದು ದಿಂಬು ಇಡತಕ್ಕದ್ದು.

"ನೋಡಿ, ನಾನಂತೂ ತಿರುಗಿ ಮಲಗಲ್ಲ. ಈಗ್ಲೇ ಹೇಳಿದೀನಿ."

"ನಿನಗ್ಯಾರು ಹೇಳಿದ್ರು? ನೀನು ಹೇಗಿದ್ಯೋ ಹಾಗೇ ಮಲ್ಕೋ. ದಿಂಬು ನನಗೆ."

"ನನ್ನ ಕಾಲು ನಿಮ್ಮ ಮೂಗಿಗೆ ಬರತ್ತೆ ರೀ."

ಮಧ್ವೇಶ ಅವಳ ಕೈಯಿಂದ ಫಾರಂ ಇಸಿದುಕೊಂಡು ಸಹಿ ಹಾಕಿದ.

"ಒಗೆದಿರೋ ಸಾಕ್ಸ್ ತಗೋ" ಎಂದ. "ಮೂರು ಜೊತೆ."