ಹನ್ನೊಂದನೇ ಡಬ್ಬಿ

ರೈಲು ಹೋಯಿತು, ಬಂಗಾರಪೇಟೆಯ ಈ ಲ್ಯಾಬಿನ ಮೇಜು ನಡುಗಿತು, ಮೈಕ್ರೋಸ್ಕೋಪಿನೊಳಗಿನ ಬೆಳಕೂ ನಡುಗುತ್ತಿದೆ, ನಿಲ್ಲಲಿ, ನಿಂತ ಮೇಲೆ ನೋಡುತ್ತೇನೆ, ಹತ್ತು ಮಲದ ಡಬ್ಬಿ ಮುಗಿದವು, ಹತ್ತರಲ್ಲೂ ಕೊಕ್ಕೆಹುಳುವಿನ ಒಂದು ಮೊಟ್ಟೆಯೂ ಇಲ್ಲ, ಇದೊಂದು ಉಳಿದಿದೆ, ಬೇತಮಂಗಲದ ಸೊಣ್ಣಮ್ಮನದು, ಎಲ್ಲರಿಗಿಂತ ಹೆಚ್ಚು ಹುಳು ಇದ್ದದ್ದು ಇವಳ ಹೊಟ್ಟೆಯಲ್ಲೇ, ಇದರಲ್ಲಿ ಮೊಟ್ಟೆ ಸಿಕ್ಕರೆ ಈ ಹುಳುವಿನ ಔಷಧಿಗೆ ಸುರಿದ ನನ್ನ ಎಂಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ — ಮೊನ್ನೆ ಹಿಂದಿನ ಸಲದ ಡಬ್ಬಿಗಳನ್ನು ನೋಡಿ ಲ್ಯಾಬಿನ ಹಿರಿಯರು ಶ್ರೀನಿವಾಸಪ್ಪ ಸರ್ ಕನ್ನಡಕ ತೆಗೆದು, ಹನ್ನೊಂದು ಹೆಂಗಸರಲ್ಲೂ ಮೊಟ್ಟೆ ಹಾಗೇ ಇದೆಯಲ್ಲಮ್ಮ ಮುನಿಲಕ್ಷ್ಮಿ, ಔಷಧಿ ಸೋತಿದೆ, ನಿಲ್ಲಿಸಿಬಿಡೋಣ ಅಂದರು, ನಾನು ತಲೆಯಾಡಿಸಿ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ, ನನ್ನದು ಮೊಂಡುಬುದ್ಧಿ, ಅವೇ ಸ್ಲೈಡುಗಳನ್ನು ಮತ್ತೆ ಇಟ್ಟು ಅಳೆದೆ, ಮೊಟ್ಟೆ ಕೊಕ್ಕೆಹುಳುವಿನದಕ್ಕಿಂತ ಉದ್ದ, ಸುತ್ತ ಬರೀ ಹುಲ್ಲಿನ ನಾರು, ಡಬ್ಬಿಯ ಮುಚ್ಚಳ ತೆಗೆದರೆ ಉರಿಗಾಂನಲ್ಲಿ ನಮ್ಮ ಮನೆ ಹಿಂದಿನ ದೊಡ್ಡಿಯ ವಾಸನೆ, ಹತ್ತು ವರ್ಷ ಅದನ್ನು ಗುಡಿಸಿದವಳು ನಾನು, ಮೇಕೆ ಹಿಕ್ಕೆ, ಹನ್ನೊಂದೂ ಮೇಕೆ ಹಿಕ್ಕೆ. ನಿನ್ನೆ ಬಸ್ಸು ಹಿಡಿದು ಓಡಿದೆ, ಸೊಣ್ಣಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಸೆರಗು ಬಾಯಿಗಿಟ್ಟುಕೊಂಡು, ಔಸ್ತಿಗೆ ಮುಂಚೆ ನರ್ಸಮ್ಮ ಬಂದಿದ್ರು, ನಮ್ದೇ ಕೊಟ್ವಿ, ಔಸ್ತಿ ಆದ್ಮೇಲೆ ಡಬ್ಬಿ ಇಸ್ಕೊಳಾಕೆ ನಿಮ್ಮ ಲ್ಯಾಬಿನ ಪೆರುಮಾಳು ಬಂದ, ಗಂಡಸ್ರ ಕೈಗೆ ನಮ್ದು ಎಂಗಮ್ಮಾ ಕೊಡೋದು, ನಮ್ಮ ಮೇಕೆದೇ ನೀರಾಕಿ ಕಲಸಿ ಬೀದ್ಯೋರಿಗೆಲ್ಲ ನಾನೇ ತುಂಬ್ಕೊಟ್ಟೆ — ಎಂಟು ವರ್ಷದ ನನ್ನ ವಿದ್ಯೆಗೆ ಒಂದು ಮೇಕೆ ನೀರು ಕುಡಿಸಿತ್ತು, ಸಿಟ್ಟು ಬರಬೇಕಿತ್ತು, ನಗು ಬಂತು, ಬೀದಿಯ ಅತ್ತೆ ಸೊಸೆಯರೆಲ್ಲ ನಕ್ಕರು, ಇಂದು ಬೆಳಿಗ್ಗೆ ಹೊಸದಾಗಿ ಹನ್ನೊಂದು ಡಬ್ಬಿಯನ್ನೂ ಮನೆಮನೆಗೆ ಹೋಗಿ ನಾನೇ ತಂದೆ, ಅಮ್ಮ ದಿನಾ ಕೇಳುತ್ತಾಳೆ, ಇಷ್ಟು ಓದಿದ್ದು ಮಂದಿ ಕಕ್ಕಸು ನೋಡಾಕೇನೇ, ಹೂಂ ಅಮ್ಮಾ ಅದಕ್ಕೇ, ತಾತ ಗಣಿಯೊಳಗೆ ಬರಿಗಾಲಲ್ಲಿ ದುಡಿದು ಮೈಯ ರಕ್ತವೆಲ್ಲ ಬತ್ತಿ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ಸತ್ತರಲ್ಲ, ಅವರನ್ನು ತಿಂದದ್ದೂ ಇದೇ ಹುಳು — ಮೇಜು ನಿಂತಿತು, ಈಗ, ಎಡದಿಂದ ಬಲಕ್ಕೆ, ಗುಂಡಗೆ ಏನೋ, ಗಾಳಿಗುಳ್ಳೆ, ಬಿಡು, ಕೆಳಗಿನ ಸಾಲು, ಕಂದು ಚೂರು, ಮೊಟ್ಟೆಯೇ, ಅಲ್ಲ, ರಾಗಿಯ ಸಿಪ್ಪೆ, ಮುಂದೆ, ಮತ್ತೆ ರಾಗಿಯ ಸಿಪ್ಪೆ, ಈ ಸಲ ತನ್ನದೇ ಕೊಟ್ಟಿದ್ದಾಳೆ ಮಹಾತಾಯಿ, ಮುದ್ದೆ ತಿಂದವಳದೇ ಇದು, ಕೊನೆಯ ಸಾಲು, ಮೊಟ್ಟೆಯಿಲ್ಲ, ಒಂದೂ ಇಲ್ಲ, ಸರ್ ಬನ್ನಿ, ನೀವೇ ನೋಡಿ, ಗೆದ್ದೆ ನಾನು, ಸರ್ ಬಗ್ಗಿದರು, ಎಷ್ಟು ಹೊತ್ತು, ಸೋತಿಲ್ಲ ಕಣಮ್ಮ ಅಂದರು, ಕನ್ನಡಕ ಒರೆಸುತ್ತಿದ್ದಾರೆ, ನಾನು ಮತ್ತೆ ಕಣ್ಣಿಟ್ಟೆ, ರಾಗಿಯ ಸಿಪ್ಪೆ, ಸುತ್ತ ಬೆಳಕು, ರಾಗಿಯ ಸಿಪ್ಪೆ