ಅಣ್ಣ ಆರಿಸಿದ ಪ್ರಾಸೆಸರ್

ಅಜ್ಜಿಯ ಕತೆಯಲ್ಲಿ ನರಿ ಬಂದು ಕುರಿಮರಿಯ ಯೋಗಕ್ಷೇಮ ವಿಚಾರಿಸಿತೆಂದರೆ ನಾನು ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಕಂಪ್ಯೂಟರ್ ಅಂಗಡಿಯಲ್ಲಿ ಅಣ್ಣ ನನ್ನ ಮೇಲೆ ಅಷ್ಟೊಂದು ಕಾಳಜಿ ತೋರಿದಾಗ ಹಿಡಿಯಲು ಸೆರಗಿರಲಿಲ್ಲ.

ಆ ಕತೆಗಳನ್ನೇ ನಾನೀಗ ಅನಿಮೇಷನ್ ಮಾಡುತ್ತಿದ್ದೇನೆ. ಹಳೆಯ ಪ್ರಾಸೆಸರ್ ಏದುಸಿರು ಬಿಡುತ್ತಿತ್ತೆಂದು ಹೊಸದನ್ನು ಆರಿಸಲು ಬಂದಿದ್ದೆವು.

"ಇದನ್ನೇ ತಗೋ ಪುಟ್ಟಿ. ಗ್ರಾಫಿಕ್ಸ್ ಇದರೊಳಗೇ ಇದೆ. ನಿನ್ನ ಗ್ರಾಫಿಕ್ಸ್ ಕಾರ್ಡ್ ಕಿತ್ತುಹಾಕಿದ್ರೂ ಚಿತ್ರ ಬರುತ್ತೆ."

"ಕಿತ್ತ ಕಾರ್ಡ್ ಎಲ್ಲಿಗೆ ಹೋಗುತ್ತೆ?"

ಅಣ್ಣ ತಲೆಯ ಮೇಲಿನ ಫ್ಯಾನ್ ನೋಡಿದ. "ಎಲ್ಲೋ ಮೂಲೇಲಿ ಬಿದ್ದಿರುತ್ತೆ."

"ಆ ಮೂಲೆ ನೀನು ಗೇಮ್ ಆಡೋ ಕಂಪ್ಯೂಟರ್ ಒಳಗಿದೆಯಾ?"

"ಛೇ, ಒಡಹುಟ್ಟಿದವನ ಮೇಲೇ ಅನುಮಾನಾನಾ?" ಎಂದ. ಕಿವಿ ಮಾತ್ರ ಕೆಂಪಾಗಿತ್ತು.

ಆ ಕಾರ್ಡ್ ಇಲ್ಲದಿದ್ದರೆ ನನ್ನ ಪರದೆಯ ನರಿ ಒಂದು ಹೆಜ್ಜೆ ಇಡಲು ಅರ್ಧ ದಿನ ಬೇಕು. ಅದಕ್ಕೆ ಕಾವಲು ಕೂರಲು ನನಗೆಲ್ಲಿ ಪುರುಸೊತ್ತು? ಅಂಗಡಿಯವರತ್ತ ತಿರುಗಿದೆ.

"ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರಾಸೆಸರ್ ಇದೆಯಾ?"

"ಇದೆಯಮ್ಮ. ಆದ್ರೆ ಕಾರ್ಡ್ ತೆಗೆದ್ರೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತೆ."

"ಹಾಗಾದ್ರೆ ಅದನ್ನೇ ಕೊಡಿ. ಯಾರಾದ್ರೂ ಕಿತ್ತ ತಕ್ಷಣ ನನಗೆ ಗೊತ್ತಾಗಬೇಕು."

ಅಣ್ಣ, ಬಂದದ್ದೇ ದಂಡವಾಯಿತೆಂಬಂತೆ ಮುಖ ಮಾಡಿಕೊಂಡು, ಬಾಗಿಲಾಚೆ ಹೋಗಿ ನಿಂತ.